ಟಿಕೆಟ್ ಕೊಂಡು ಜಾಹೀರಾತು ನೋಡುವ ಭಾಗ್ಯ

ಜಾಹೀರಾತನ್ನು ಜನ ತಾವಾಗಿಯೇ ದುಡ್ಡು ಕೊಟ್ಟು, ಸರತಿಯಲ್ಲಿ ನಿಂತು, ದನಿ ತಗ್ಗಿಸಿಕೊಂಡು ನೋಡುವಂತೆ ಮಾಡುವ ವಿದ್ಯೆಯನ್ನು ನಮ್ಮ ಸೋಪು, ಕಾಫಿಪುಡಿ ಕಂಪನಿಗಳು ಇನ್ನೂ ಕಲಿತಿಲ್ಲ. ಯುರೋಪಿನ ಉಡುಪು ಸಂಸ್ಥೆಗಳಿಗೆ ಅದು ಎಂದೋ ಕರಗತವಾಗಿದೆ.

2019ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಪ್ಯಾರಿಸ್ಸಿನ ಫ್ಯಾಷನ್ ಸಂಸ್ಥೆ ಕ್ರಿಶ್ಚಿಯನ್ ಡಿಯೋರ್‌ನ ಉಡುಪುಗಳ ಪ್ರದರ್ಶನ ನಡೆದಾಗ 5,94,994 ಮಂದಿ ಬಂದು ನೋಡಿದರು. ಆ ಸಂಗ್ರಹಾಲಯದ ಇತಿಹಾಸದಲ್ಲೇ ಅಷ್ಟು ಜನರನ್ನು ಸೆಳೆದ ಪ್ರದರ್ಶನ ಅದುವರೆಗೆ ಇರಲಿಲ್ಲ. ಅದಕ್ಕೂ ಮೊದಲು, 2015ರಲ್ಲಿ, ಬ್ರಿಟಿಷ್ ವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್‌ನ ಉಡುಪುಗಳ ಪ್ರದರ್ಶನದ ಕಡೆಯ ದಿನಗಳಲ್ಲಿ ಇದೇ ಸಂಗ್ರಹಾಲಯ ವೈಕುಂಠ ಏಕಾದಶಿಯ ದೇವಸ್ಥಾನದಂತೆ ರಾತ್ರಿಯಿಡೀ ಬಾಗಿಲು ತೆರೆದಿಟ್ಟಿತ್ತು. ಗ್ರೀಕ್ ಶಿಲ್ಪಕ್ಕಾಗಲಿ, ಮೊಘಲ್ ಚಿತ್ರಕ್ಕಾಗಲಿ ಸಿಗದ ಈ ನಡುರಾತ್ರಿಯ ದರ್ಶನಭಾಗ್ಯ ಗೌನಿಗೆ ಸಿಕ್ಕಿತು.

ಡಿಯೋರ್ ಪ್ರದರ್ಶನದ ಏರ್ಪಾಡನ್ನು ಮೆಚ್ಚಲೇಬೇಕು. ಹೆಸರು ಡಿಯೋರ್, ವಿಷಯ ಡಿಯೋರ್, ಎರವಲು ಬಂದ ಉಡುಪುಗಳಲ್ಲಿ ಬಹಳಷ್ಟು ಡಿಯೋರ್ ಸಂಸ್ಥೆಯದೇ ಭಂಡಾರದವು. ಪ್ರೇಕ್ಷಕರದೆಂದರೆ ಟಿಕೆಟ್ಟಿನ ಹಣ ಮತ್ತು ಉದ್ಗಾರ ಮಾತ್ರ. 2000ದಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯ ಇಟಲಿಯ ವಿನ್ಯಾಸಕ ಜಾರ್ಜಿಯೊ ಅರ್ಮಾನಿಯ ಉಡುಪುಗಳನ್ನು ಪ್ರದರ್ಶಿಸಿದಾಗ, ಆತ ದೊಡ್ಡ ದೇಣಿಗೆಯ ಭರವಸೆ ಕೊಟ್ಟಿದ್ದಾನೆಂಬ ಸುದ್ದಿ ಹಬ್ಬಿ ವಿಮರ್ಶಕರು ಕೆಂಡವಾಗಿದ್ದರು. ಪಾಪ, ಅವರಿಗೆ ಆಗಿನ್ನೂ ನಾಚಿಕೆ ಪಡುವ ಅಭ್ಯಾಸ ಉಳಿದಿತ್ತು.

ಒಳಗಿನ ಪೂಜಾವಿಧಾನವೂ ಗಮನಾರ್ಹ. ಅತಿ ಮೇಲ್ದರ್ಜೆಯ ಕೈಹೊಲಿಗೆಯ ಉಡುಪಿಗೆ ಸಲ್ಲುವ ‘ಓಟ್ ಕುತ್ಯೂರ್’ ಎಂಬ ಹೆಸರಿಗೆ ಫ್ರಾನ್ಸಿನಲ್ಲಿ 1945ರಿಂದ ಕಾನೂನಿನ ರಕ್ಷಣೆಯಿದೆ. ಆ ಪದವಿ ಬೇಕೆಂದರೆ ಪ್ಯಾರಿಸ್ಸಿನಲ್ಲಿ ಸ್ವಂತ ಕಾರ್ಯಾಗಾರ ಇರಬೇಕು, ಒಬ್ಬೊಬ್ಬ ಗಿರಾಕಿಯ ಮೈಯಳತೆಗೂ ಪ್ರತ್ಯೇಕವಾಗಿ ಹೊಲಿದುಕೊಡಬೇಕು. ಮೈಗೆ ತಕ್ಕ ಬಟ್ಟೆ ಎಂಬುದೇ ಇದರ ಧರ್ಮ. ಸಂಗ್ರಹಾಲಯಕ್ಕೆ ಬರುತ್ತಿದ್ದಂತೆ ಧರ್ಮ ತಿರುಗುಮುರುಗಾಗುತ್ತದೆ: ಬಟ್ಟೆಗೆ ತಕ್ಕಂತೆ ಗೊಂಬೆಯ ಎದೆಗೆ ಹತ್ತಿ ತುಂಬುತ್ತಾರೆ, ಸೊಂಟವನ್ನು ಕೆತ್ತಿ ಸಣ್ಣದು ಮಾಡುತ್ತಾರೆ. ರೇಷ್ಮೆಯ ಬಣ್ಣ ಮಾಸೀತೆಂದು ದೀಪಗಳನ್ನು ಎಷ್ಟು ಮಂದವಾಗಿ ಇಡುತ್ತಾರೆಂದರೆ, ಹೊಲಿಗೆಯ ಸೂಕ್ಷ್ಮ ನೋಡಬಂದವರು ಪಕ್ಕದವರ ಕಾಲು ತುಳಿದು ಕ್ಷಮೆ ಕೇಳುವುದರಲ್ಲೇ ಸಮಯ ಕಳೆಯಬೇಕು.

ಡಿಯೋರ್‌ನ 1947ರ ‘ಬಾರ್’ ಸೂಟ್ ಈ ಗುಡಿಯ ಮೂಲದೇವರು. ಹಾಲುಬಣ್ಣದ ರೇಷ್ಮೆ ಜಾಕೆಟ್, ಹಿಡಿಯಷ್ಟು ಸೊಂಟ, ಉಬ್ಬಿಸಿದ ಕಟಿ, ಕೆಳಗೆ ಗಜಗಟ್ಟಲೆ ಕಪ್ಪು ಉಣ್ಣೆಬಟ್ಟೆ ನುಂಗಿದ ನೆರಿಗೆಯ ಲಂಗ. ಅದು ಹುಟ್ಟಿದ ವರ್ಷ ಬ್ರಿಟನ್ನಿನಲ್ಲಿ ಬಟ್ಟೆಗೆ ಇನ್ನೂ ರೇಷನ್ ಇತ್ತು. ನಮ್ಮವರು 1942ರ ಸಂಧಾನದಿಂದ ಬಲ್ಲ ಸ್ಟಾಫರ್ಡ್ ಕ್ರಿಪ್ಸ್ ಆಗ ಅಲ್ಲಿ ಸಚಿವರಾಗಿದ್ದು, ಇಷ್ಟುದ್ದದ ಲಂಗ ಬಟ್ಟೆಯ ದುಂದು ಎಂದು ಸಿಡುಕಿದ್ದರು. ಪ್ಯಾರಿಸ್ಸಿನ ಬೀದಿಯಲ್ಲಿ ಇಂಥ ಉಡುಪು ತೊಟ್ಟವಳನ್ನು ರೊಚ್ಚಿಗೆದ್ದ ಹೆಂಗಸರು ಹಿಡಿದೆಳೆದದ್ದೂ ಉಂಟು. ಎಪ್ಪತ್ತು ಚಿಲ್ಲರೆ ವರ್ಷಗಳ ಬಳಿಕ ಅದೇ ದುಂದು ಅದೇ ಲಂಡನ್ನಿನಲ್ಲಿ ಪರಂಪರೆಯಾಗಿ ಬಡ್ತಿ ಪಡೆದಿದೆ. ಎಲ್ಲ ದುಂದಿಗೂ ಇಂಥ ಯೋಗವಿರುವುದಿಲ್ಲ. ಹಿಂದೆ ಕಂಪನಿ ಇರಬೇಕು.

ಪ್ರದರ್ಶನದಲ್ಲಿ ಪ್ರವಾಸಗಳ ವಿಭಾಗವೊಂದಿತ್ತು. ಮೆಕ್ಸಿಕೊ, ಈಜಿಪ್ಟ್, ಜಪಾನ್, ಚೀನಾಗಳ ಜೊತೆ ಭಾರತಕ್ಕೂ ಅಲ್ಲಿ ‘ಸ್ಫೂರ್ತಿ’ಯ ಸ್ಥಾನ ದಕ್ಕಿತ್ತು. ಈ ಸ್ಫೂರ್ತಿಗೆ ಒಂದು ವಿಳಾಸವೂ ಇದೆ: ಪ್ಯಾರಿಸ್ಸಿನ ದೊಡ್ಡ ಹೆಸರುಗಳು ದಶಕಗಳಿಂದ ಕಸೂತಿ ಮಾಡಿಸಿಕೊಳ್ಳುವ ಮುಂಬೈಯ ಕಾರ್ಖಾನೆಗಳು, ಅಲ್ಲಿ ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಬಾಗಿ ಕುಳಿತು ಕೊಕ್ಕೆಸೂಜಿಯಿಂದ ಮಣಿ ಪೋಣಿಸುವ ಕುಶಲಕರ್ಮಿಗಳು. ಪ್ಯಾರಿಸ್ಸಿನಲ್ಲಿ ಕತ್ತರಿ ಆಡಿಸಿದವನು ಕಲಾವಿದ, ಮುಂಬೈಯಲ್ಲಿ ಸೂಜಿ ಆಡಿಸಿದವನು ಸ್ಫೂರ್ತಿ. 2023ರ ಮಾರ್ಚ್‌ನಲ್ಲಿ ಡಿಯೋರ್ ಸಂಸ್ಥೆ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಫ್ಯಾಷನ್ ಷೋ ನಡೆಸಿ, ಮುಂಬೈಯ ಚಾಣಕ್ಯ ಕರಕುಶಲ ಶಾಲೆಯವರು ಕಸೂತಿ ಹಾಕಿದ ಭಾರೀ ತೋರಣ ಕಟ್ಟಿಸಿ ಈ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡಿತೆನ್ನಿ. ಆದರೂ ಗೊಂಬೆಯ ಪಾದದ ಬಳಿಯ ಚೀಟಿಯಲ್ಲಿ ವಿನ್ಯಾಸಕನ ಹೆಸರು, ವರ್ಷ, ಋತುಗಳನ್ನು ಬರೆದ ಮೇಲೆ ಸೂಜಿ ಹಿಡಿದವರ ಹೆಸರಿಗೆ ಜಾಗ ಸಾಲುವುದು ಅಪರೂಪ.

ಇಷ್ಟೆಲ್ಲ ನೋಡಿ ಹೊರಬರುವ ದಾರಿ ಅಂಗಡಿಯ ಮೂಲಕವೇ ಸಾಗುತ್ತದೆ. ಇಂಥ ಗೌನು ಕೊಳ್ಳಬಲ್ಲವರು ಬೆರಳೆಣಿಕೆಯ ಮಂದಿ, ಅದರಿಂದ ಬರುವ ಲಾಭವೂ ಅಷ್ಟಕ್ಕಷ್ಟೆ. ಸಂಸ್ಥೆಗಳು ಬದುಕುವುದು ಆ ಗೌನಿನ ಹೆಸರು ಹೊತ್ತ ಅತ್ತರಿನ ಬಾಟಲಿ, ಲಿಪ್‌ಸ್ಟಿಕ್, ಕೈಚೀಲಗಳಿಂದ. ಗೌನನ್ನು ನೋಡಿ ನಿಟ್ಟುಸಿರು ಬಿಟ್ಟವರು ವಿಮಾನ ನಿಲ್ದಾಣದಲ್ಲಿ ಬಾಟಲಿ ಕೊಳ್ಳುತ್ತಾರೆ, ಲೆಕ್ಕ ಸರಿಹೋಗುತ್ತದೆ.

ಡಿಯೋರ್ ಮೆರೆದ ಇದೇ ಲಂಡನ್ ಸಂಗ್ರಹಾಲಯ ಟಿಪ್ಪುವಿನ ಹುಲಿಯ ಮನೆಯೂ ಹೌದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿ ಪಡೆಗಳ ಕೈಗೆ ಸಿಕ್ಕು ಲಂಡನ್ ಸೇರಿದ ಈ ಮರದ ಹುಲಿ, ಬಿದ್ದ ಬಿಳಿಯ ಸಿಪಾಯಿಯ ಕೊರಳಿಗೆ ಇಂದಿಗೂ ಬಾಯಿ ಹಾಕಿಕೊಂಡೇ ಇದೆ. ಅದನ್ನು ನೋಡಲು ಡಿಯೋರ್ ಪ್ರದರ್ಶನದ ದಿನಗಳಲ್ಲೂ ಟಿಕೆಟ್ ಬೇಕಿರಲಿಲ್ಲ. ಎರವಲು ತಂದದ್ದಕ್ಕೆ ಶುಲ್ಕ, ಲೂಟಿ ಮಾಡಿ ತಂದದ್ದು ಉಚಿತ. ಟಿಪ್ಪುವಿನ ಹೆಸರಿನಲ್ಲಿ ಅತ್ತರು ಮಾರುವ ಕಂಪನಿಯೊಂದು ಇದ್ದಿದ್ದರೆ, ಹುಲಿಗೂ ಒಂದು ಪ್ರತ್ಯೇಕ ಸಭಾಂಗಣ, ಮುಂಗಡ ಬುಕಿಂಗ್ ಮತ್ತು ರಾತ್ರಿಪಾಳಿ ಸಿಗುತ್ತಿತ್ತೇನೋ.