ಪಿತ್ತಗಂಧೆ ಬಿಡದವರಿಗೆಲ್ಲ ಬಯಾಪ್ಸಿ ಬೇಕೆ? ಪರ-ವಿರೋಧ

ಪರ: ತುಣುಕು ಚರ್ಮ ನೋಡದೆ ಔಷಧ ಬರೆಯುವುದೇಕೆ?

ಆರು ವಾರ ದಾಟಿದರೂ ಬಿಡದ ಪಿತ್ತಗಂಧೆಯನ್ನು ವೈದ್ಯರು ದೀರ್ಘಕಾಲದ ಅರ್ಟಿಕೇರಿಯಾ ಎನ್ನುತ್ತಾರೆ. ಇಂಥವರೆಲ್ಲರಿಗೂ ಒಮ್ಮೆಯಾದರೂ ಚರ್ಮದ ಬಯಾಪ್ಸಿ, ಅಂದರೆ ಚರ್ಮದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಆಗಲೇಬೇಕೆಂಬುದು ನನ್ನ ನಿಲುವು. ಸಾಮಾನ್ಯ ಗಂಧೆಯಲ್ಲಿ ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುವುದರಿಂದ ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ ಚರ್ಮ ಉಬ್ಬುತ್ತದೆ, ಕೆಲವು ತಾಸುಗಳಲ್ಲಿ ಇಳಿದು ಹೋಗುತ್ತದೆ. ಮೇಲ್ನೋಟಕ್ಕೆ ಗಂಧೆಯಂತೆಯೇ ಇರುವ ಬೇರೊಂದು ಕಾಯಿಲೆಯಾದ ಅರ್ಟಿಕೇರಿಯಲ್ ವ್ಯಾಸ್ಕ್ಯುಲೈಟಿಸ್‌ನಲ್ಲಾದರೋ ಆ ನಾಳಗಳ ಗೋಡೆಗೇ ಉರಿಯೂತ ತಗಲಿರುತ್ತದೆ. ಒಡೆದ ಬಿಳಿ ರಕ್ತಕಣಗಳ ಚೂರುಗಳು ನಾಳದ ಸುತ್ತ ಚೆಲ್ಲಿರುತ್ತವೆ, ಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ಪ್ರೋಟೀನು ಕಟ್ಟಿರುತ್ತದೆ, ಕೆಂಪು ರಕ್ತಕಣಗಳು ಹೊರಗೆ ಸೋರಿರುತ್ತವೆ. ಮೇಲಿನಿಂದ ನೋಡಿದರೆ ಎರಡೂ ದದ್ದುಗಳೇ. ಒಳಗಿನ ಅಂತರವನ್ನು ಸೂಕ್ಷ್ಮದರ್ಶಕವೇ ತೋರಿಸಬೇಕು.

ನನ್ನ ಅತ್ತಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಮೈಮೇಲೆ ಗಂಧೆ ಎದ್ದಾಗ ಮನೆಯವರು, ನೆರೆಯವರು, ಔಷಧ ಅಂಗಡಿಯವರು ಎಲ್ಲರೂ ಮೆಣಸಿನಕಾಯಿಯ ಘಾಟನ್ನೇ ದೂರಿದರು. ನಮ್ಮ ತಾಯಿ ಕಂಬಳಿಯಿಂದ ಮೈ ತಿಕ್ಕಿದರು, ಬದನೆಕಾಯಿ ನಂಜೆಂದು ಅದನ್ನೂ ಬಿಡಿಸಿದರು. ಒಂದು ಆಸ್ಪತ್ರೆಯಲ್ಲಂತೂ ಹೋದಾಗಲೆಲ್ಲ ಸ್ಟಿರಾಯ್ಡ್ ಸೂಜಿ ಚುಚ್ಚಿ ಕಳಿಸುತ್ತಿದ್ದರೇ ಹೊರತು ದದ್ದು ಎಷ್ಟು ಹೊತ್ತು ಇರುತ್ತದೆ ಎಂದು ಯಾರೂ ಕೇಳಲಿಲ್ಲ. ಕೆಲಸ ಬಿಟ್ಟರೂ ಗಂಧೆ ಬಿಡಲಿಲ್ಲ. ತುರಿಕೆಗಿಂತ ಉರಿ ಹೆಚ್ಚಾಯಿತು, ಮೊಣಕಾಲು ಹಿಡಿದುಕೊಂಡಿತು. ಕೊನೆಗೆ ಹುಬ್ಬಳ್ಳಿಯ ಚರ್ಮವೈದ್ಯೆಯೊಬ್ಬರು ತೊಡೆಯ ಮೇಲೆ ಆಗಷ್ಟೇ ಎದ್ದಿದ್ದ ದದ್ದಿನ ಅಂಚಿಗುಂಟ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲೇ ಸಮಯ ಬರೆದು, ಮರುದಿನ ಬರಲು ಹೇಳಿದರು. ಮರುದಿನ ಮಧ್ಯಾಹ್ನವೂ ದದ್ದು ಗೆರೆಯೊಳಗೇ ಇತ್ತು, ಬೆರಳಿನಿಂದ ಒತ್ತಿದರೂ ನಡುವಿನ ಕೆನ್ನೀಲಿ ಬಣ್ಣ ಮಾಸಲಿಲ್ಲ. ಅಲ್ಲೇ ಮರಗಟ್ಟಿಸುವ ಸೂಜಿ ಕೊಟ್ಟು 4 ಮಿಲಿಮೀಟರ್ ಅಗಲದ ತುಣುಕು ತೆಗೆದು ಹೊಲಿಗೆ ಹಾಕಿದರು. ವ್ಯಾಸ್ಕ್ಯುಲೈಟಿಸ್ ಎಂದು ವರದಿ ಬಂದಿತು. ಔಷಧದಿಂದ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆಯೇ ಎಂದು ತಿಳಿಯುವ ಜಿ6ಪಿಡಿ ರಕ್ತಪರೀಕ್ಷೆ ಮಾಡಿಸಿ, ಉರಿಯೂತ ತಗ್ಗಿಸುವ ಡ್ಯಾಪ್ಸೋನ್ ಮಾತ್ರೆ ಆರಂಭಿಸಿದ ಮೇಲೆಯೇ ಅವರು ರಾತ್ರಿ ನಿದ್ದೆ ಕಂಡದ್ದು.

ಅವರ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ರೋಗನಿರೋಧಕ ಪ್ರೋಟೀನುಗಳ ಮಟ್ಟ ಸರಿಯಾಗಿತ್ತು, ಅದು ಪುಣ್ಯ. ಆ ಮಟ್ಟ ತಗ್ಗಿದವರಲ್ಲಿ ಕಾಯಿಲೆ ಚರ್ಮಕ್ಕೇ ನಿಲ್ಲದೆ ಕೀಲು, ಕಣ್ಣು, ಮೂತ್ರಪಿಂಡ, ಶ್ವಾಸಕೋಶಗಳಿಗೂ ಇಳಿಯಬಹುದು. ರೋಗನಿರೋಧಕ ಶಕ್ತಿ ತನ್ನ ಮೈಯನ್ನೇ ಕಾಡುವ ಲೂಪಸ್ ಕಾಯಿಲೆ ಜೊತೆಗೂಡಿರುವುದೂ ಉಂಟು. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣಿಸುವುದಿಲ್ಲ, ಉಳಿಯುವ ಕಲೆಯನ್ನು ಬಿಸಿಲಿನ ಕಪ್ಪು ಎಂದು ತಳ್ಳಿಹಾಕುತ್ತೇವೆ. ಬಯಾಪ್ಸಿಗೆ ಖರ್ಚಾಗುತ್ತದೆ, ನೋವಾಗುತ್ತದೆ ಎನ್ನುವವರು ಮೂತ್ರಪಿಂಡ ಕೆಡುವ ತನಕ ಮಾತ್ರೆ ನುಂಗುತ್ತ ಕುಳಿತಿರಿ ಎಂದೇ ಹೇಳುತ್ತಿದ್ದಾರೆ. ಹೋದಾಗಲೆಲ್ಲ ಚುಚ್ಚಿದ ಆ ಸೂಜಿಗಳ ಲೆಕ್ಕ ಇಟ್ಟವರು ಯಾರು? ತುಣುಕು ಚರ್ಮ ಕೊಟ್ಟರೆ ಮುಗಿಯುವ ಸಂಶಯವನ್ನು ವರ್ಷಗಟ್ಟಲೆ ಹೊತ್ತು ತಿರುಗುವುದು ನನಗಂತೂ ಒಪ್ಪಿತವಲ್ಲ.

ವಿರೋಧ: ಎಲ್ಲರಿಗೂ ಬೇಕಿಲ್ಲ

ಸಂಪಾದಕರು ನನಗೆ ವಿರೋಧದ ಬದಿಯನ್ನು ವಹಿಸಿದ್ದಾರೆ. ಬಯಾಪ್ಸಿಯ ಮೇಲೆ ನನಗೇನೂ ಹಗೆಯಿಲ್ಲ; ಸಂಶಯವಿದ್ದಲ್ಲಿ ಮಾಡಿಸಬೇಕೆಂದು ನಾನೂ ಹೇಳುವವನೇ. ಆದರೆ ಇಲ್ಲಿ ಕೇಳಿರುವುದು "ಎಲ್ಲರಿಗೂ" ಎಂದಾದ್ದರಿಂದ ಬೇಡ ಎನ್ನುತ್ತೇನೆ.

ದೀರ್ಘಕಾಲದ ಗಂಧೆಯವರಲ್ಲಿ ರಕ್ತನಾಳದ ಉರಿಯೂತವಿರುವವರು ಕಡಿಮೆ. ಗಂಧೆಯ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮೊದಲು ಕೇಳುವುದು ರಕ್ತಕಣಗಳ ಎಣಿಕೆ, ಮೈಯಲ್ಲಿನ ಉರಿಯೂತವನ್ನು ಅಳೆಯುವ ಇಎಸ್ಆರ್ ಅಥವಾ ಸಿಆರ್‌ಪಿಯಂಥ ಸಾದಾ ಪರೀಕ್ಷೆಗಳನ್ನು. ಬಯಾಪ್ಸಿಯನ್ನು ಅದು ಲಕ್ಷಣಗಳು ಬೆರಳು ಮಾಡಿದಾಗ ಮಾತ್ರ ಸೂಚಿಸುತ್ತದೆ. ಹೊಸ ಬಗೆಯ ಆಂಟಿಹಿಸ್ಟಮಿನ್ ಮಾತ್ರೆಯನ್ನು, ವೈದ್ಯರ ನಿಗಾದಲ್ಲಿ, ಅಗತ್ಯ ಬಿದ್ದರೆ ನಾಲ್ಕು ಪಟ್ಟಿನವರೆಗೆ ಹೆಚ್ಚಿಸಲು ಅದರಲ್ಲಿ ಅವಕಾಶವಿದೆ. ನಮ್ಮಲ್ಲಿ ಬಹಳ ಮಂದಿ ಒಂದು ಮಾತ್ರೆಯನ್ನೂ ನಿತ್ಯ ನುಂಗದೆ, ಎದ್ದಾಗ ನುಂಗಿ ಇಳಿದಾಗ ಬಿಟ್ಟು, ಔಷಧ ನಾಟಲಿಲ್ಲ ಎನ್ನುತ್ತಾರೆ. ಅವರನ್ನೆಲ್ಲ ಸಾಲಾಗಿ ಮಲಗಿಸಿ ಚರ್ಮ ಕೊರೆಯಬೇಕೆ?

ಇನ್ನು ತುಣುಕು ತೆಗೆದೊಡನೆ ಸತ್ಯ ಹೊರಬೀಳುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ದದ್ದು ತೀರ ಹಳೆಯದಾಗಿದ್ದರೆ ಅಥವಾ ರೋಗಿ ಅದಾಗಲೇ ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ಚಿತ್ರ ಮಸುಕಾಗುತ್ತದೆ. ನಾಳದ ಗೋಡೆಯಲ್ಲಿ ಕೂತ ರೋಗನಿರೋಧಕ ಪ್ರೋಟೀನುಗಳನ್ನು ಹೊಳೆಯುವ ಬಣ್ಣದಿಂದ ಗುರುತಿಸುವ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆ ಬೇಕಾದರೆ ಇನ್ನೊಂದು ತುಣುಕನ್ನು ತೆಗೆದು, ಮಾಮೂಲಿ ತುಣುಕುಗಳನ್ನಿಡುವ ಫಾರ್ಮಲಿನ್‌ನಲ್ಲಿ ಅಲ್ಲ, ಬೇರೆಯೇ ದ್ರಾವಣದಲ್ಲಿ ಕಳಿಸಬೇಕು. ಶಿರಹಟ್ಟಿಯ ಕಡೆಯಿಂದ ಬಸ್ಸು ಹಿಡಿದು ಬರುವ ಕೂಲಿಕಾರರಿಗೆ ಬಯಾಪ್ಸಿಗೆ ಒಂದು ದಿನ, ಹೊಲಿಗೆ ಬಿಚ್ಚಿಸಲು ಒಂದು ದಿನ, ವರದಿಗೆ ಇನ್ನೊಂದು ದಿನ ಎಂದರೆ ಅಷ್ಟೂ ದಿನದ ಕೂಲಿ ಹೋದಂತೆಯೇ. ಯಾರದೋ ಮನೆಯಲ್ಲಿ ಬಯಾಪ್ಸಿಯಿಂದ ರೋಗ ಪತ್ತೆಯಾಯಿತು ಎಂಬ ಕಥೆಗಳು ಬರುತ್ತಲೇ ಇರುತ್ತವೆ. ಏನೂ ಸಿಗದೆ ಮರಳಿದವರು ಕಥೆ ಹೇಳುವುದಿಲ್ಲ.

ಜಿಲ್ಲಾಸ್ಪತ್ರೆಗಳ ಹೊರರೋಗಿ ಚೀಟಿಯಲ್ಲಿ ಮೂರು ಪ್ರಶ್ನೆಗಳನ್ನು ಅಚ್ಚು ಹಾಕಿಸಿದರೆ ಸಾಕು: ಒಂದೇ ದದ್ದು 24 ತಾಸಿಗಿಂತ ಹೆಚ್ಚು ಹೊತ್ತು ಅದೇ ಜಾಗದಲ್ಲಿ ಇರುತ್ತದೆಯೇ, ತುರಿಕೆಗಿಂತ ಉರಿ ಅಥವಾ ನೋವು ಹೆಚ್ಚೇ, ಇಳಿದ ಮೇಲೆ ಕಲೆ ಉಳಿಯುತ್ತದೆಯೇ. ಹೌದು ಎಂದವರನ್ನು ಬಯಾಪ್ಸಿಗೆ ಕಳಿಸಲಿ, ಉಳಿದವರು ಮಾತ್ರೆಯನ್ನು ತಪ್ಪದೆ ನುಂಗಲಿ.