ಅರವತ್ತು ದಾಟಿದವರಿಗೆ ಅಜ್ಜಿ ಕಾಲದ ಊಟ ಸಾಕಾ? ಪರ–ವಿರೋಧ

ಪರ: ಸಾಕು, ಅದನ್ನು ಬಿಡಿಸಬೇಡಿ

ನಮ್ಮ ಮನೆ ಉಡುಪಿ ಜಿಲ್ಲೆಯ ಕಾಪು ಹತ್ತಿರ. ಅಮ್ಮನಿಗೆ ಈಗ 74. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಜೊತೆಗೆ ತಿಮರೆ (ಒಂದೆಲಗ) ಚಟ್ನಿ. ಮಧ್ಯಾಹ್ನ ಬಸಳೆ ಪದಾರ್ಥವೋ ಹುರುಳಿ ಸಾರೋ, ಮೀನಿನವರು ಬಂದ ದಿನ ಬೂತಾಯಿ ಮೀನಿನ ಹುಳಿ-ಖಾರದ ಪುಳಿಮುಂಚಿ. ರಾತ್ರಿ ಏಳೂವರೆಗೆ ಊಟ ಮುಗಿದಿರುತ್ತದೆ. ಕಳೆದ ವರ್ಷ ತಮ್ಮ ಬೆಂಗಳೂರಿನಿಂದ ಓಟ್ಸ್, ಚಿಯಾ ಬೀಜ, ಆಲಿವ್ ಎಣ್ಣೆ ಎಲ್ಲ ಹೊತ್ತು ತಂದು, "ಅಮ್ಮ, ಇನ್ನು ಅನ್ನ ಬಿಡು, ಇದನ್ನೇ ತಿನ್ನು" ಅಂದ. ಅವರು ನಾಲ್ಕು ದಿನ ತಿಂದರು. ಆಮೇಲೆ ಊಟವೇ ಕಡಿಮೆಯಾಯಿತು, ಮುಖ ಬಾಡಿತು. ಈ ವಯಸ್ಸಿನಲ್ಲಿ ಹಸಿವು ಮೊದಲೇ ಕಡಿಮೆ, ಅದರಲ್ಲಿ ನಾಲಿಗೆಗೆ ಗೊತ್ತಿಲ್ಲದ್ದನ್ನು ಬಡಿಸಿದರೆ ಎರಡು ಚಮಚ ತಿಂದು ಎದ್ದುಬಿಡುತ್ತಾರೆ. ಇದನ್ನು ಮಕ್ಕಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮ್ಮ ಊಟದಲ್ಲಿ ಇಲ್ಲದ್ದು ಏನು ಹೇಳಿ. ಕುಚ್ಚಲಕ್ಕಿಗೆ ಭತ್ತವನ್ನು ಹೊಟ್ಟು ಸಮೇತ ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ವಿಟಮಿನ್ ಒಂದಷ್ಟು ಅಕ್ಕಿಯೊಳಗೇ ಇಳಿಯುತ್ತದೆ, ಕೆಂಪು ಕುಚ್ಚಲಕ್ಕಿಯಲ್ಲಿ ತೌಡೂ ಪೂರ್ತಿ ಹೋಗಿರುವುದಿಲ್ಲ. ಬೂತಾಯಿ, ಬಂಗುಡೆಯಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಕೊಬ್ಬಿದೆ. ಸಣ್ಣ ಬೂತಾಯಿಯನ್ನು ಮುಳ್ಳಿನ ಜೊತೆಗೇ ಜಗಿದರೆ ಕ್ಯಾಲ್ಸಿಯಂ ಬೇರೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ದೊಡ್ಡ ಬೋಟುಗಳು ಕಡಲಿಗಿಳಿಯದ ಜೂನ್, ಜುಲೈಯಲ್ಲಿ ತಜಂಕ್ (ತಗಚೆ) ಸೊಪ್ಪು, ಕಣಿಲೆ (ಎಳೆ ಬಿದಿರು), ಪತ್ರೊಡೆಗೆ ಕೆಸುವಿನ ಎಲೆ ಎಲ್ಲ ಹಿತ್ತಲಿನಿಂದಲೇ ಬರುತ್ತದೆ. ವರ್ಷವಿಡೀ ಒಂದೇ ಡಬ್ಬಿಯಿಂದ ತಿನ್ನುವವರಿಗೆ ಇಷ್ಟು ಬಗೆ ಎಲ್ಲಿ ಸಿಗಬೇಕು?

ದೀರ್ಘಾಯುಷ್ಯ ಅಂದ ಕೂಡಲೇ ಎಲ್ಲರೂ ಜಪಾನಿನ ಒಕಿನಾವಾ ದ್ವೀಪದ ಅಜ್ಜಿಯಂದಿರ ಮಾತು ತೆಗೆಯುತ್ತಾರೆ. ಅವರು ತಿಂದದ್ದು ಏನು? ತಮ್ಮ ಮಣ್ಣಿನ ಗೆಣಸು, ಸೊಪ್ಪು, ಸೋಯಾದ ತೋಫು, ಅದೂ ಹೊಟ್ಟೆ ನೂರಕ್ಕೆ 80 ಭಾಗ ತುಂಬುವವರೆಗೆ ಮಾತ್ರ. ಅಮೆರಿಕದ ಸೈನಿಕ ನೆಲೆಗಳ ಜೊತೆ ಬರ್ಗರ್, ಡಬ್ಬಿ ಮಾಂಸ ಬಂದ ಮೇಲೆ ಬೆಳೆದವರ ಕತೆ ಬೇರೆ. ಆಯುಷ್ಯದಲ್ಲಿ ಒಂದು ಕಾಲಕ್ಕೆ ಮುಂದಿದ್ದ ಅಲ್ಲಿನ ಗಂಡಸರು 2000ದ ಲೆಕ್ಕದಲ್ಲಿ ಜಪಾನಿನ 47 ಪ್ರಾಂತ್ಯಗಳ ಪೈಕಿ 26ನೇ ಸ್ಥಾನಕ್ಕೆ ಇಳಿದರು. ನಮ್ಮ ಮನೆಗಳಲ್ಲೂ ಅದೇ ದಾರಿ ಹಿಡಿದಿದ್ದೇವೆ ಅನ್ನಿಸಿ ನನಗೆ ಹೆದರಿಕೆ ಆಗುತ್ತದೆ.

ವಿರೋಧ: ಊಟ ಉಳಿಯಿತು, ಕೆಲಸ ಹೋಯಿತು

ನಾನು ಮಂಗಳೂರಿನಲ್ಲಿ ಅಪ್ಪನನ್ನು ನೋಡಿಕೊಳ್ಳುತ್ತಿದ್ದೇನೆ. ಅವರು ಎರಡು ಹೊತ್ತು ಗಂಜಿ ಊಟದವರೇ, ಹೊರಗಿನ ತಿಂಡಿ ಮುಟ್ಟಿದವರಲ್ಲ. ಆದರೂ ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ನೆಲದಿಂದ ಏಳುವುದಕ್ಕೆ ಅವರಿಗೆ ಆಗಲೇ ಇಲ್ಲ. ತೊಡೆಯಲ್ಲಿ ಮಾಂಸವೇ ಉಳಿದಿರಲಿಲ್ಲ, ಪಂಚೆ ಉಟ್ಟಿರುತ್ತಾರಲ್ಲ, ಅಷ್ಟು ದಿನ ನಮಗೆ ಕಂಡೇ ಇರಲಿಲ್ಲ.

ಅವತ್ತು ಲೆಕ್ಕ ಹಾಕಿದೆ. ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ಕನಿಷ್ಠ ಒಂದು ಗ್ರಾಂ ಪ್ರೋಟೀನ್ ಬೇಕು ಅಂತ ತಜ್ಞರು ಹೇಳುತ್ತಾರೆ. ಅಪ್ಪ 60 ಕಿಲೋ. 100 ಗ್ರಾಂ ಅಕ್ಕಿಯಲ್ಲಿ ಇರುವುದು ಏಳೆಂಟು ಗ್ರಾಂ. ಎರಡು ಹೊತ್ತು ಗಂಜಿ, ಚಟ್ನಿ, ಉಪ್ಪಿನಕಾಯಿ ಎಲ್ಲ ಸೇರಿಸಿದರೂ ಇಪ್ಪತ್ತು ದಾಟುವುದು ಕಷ್ಟ. ಹುರುಳಿಯಲ್ಲಿ ಪ್ರೋಟೀನ್ ಇದೆ, ಒಪ್ಪಿದೆ. ಆದರೆ ಬಟ್ಟಲಿಗೆ ಬರುವುದು ಬೇಯಿಸಿದ ನೀರಿನ ಸಾರು, ಕಾಳು ಹೋಗುವುದು ದನಕ್ಕೆ! ಮೀನು ತಿನ್ನದ ಮನೆಗಳಲ್ಲಿ ಇನ್ನೂ ಕಷ್ಟ. ಬಿ12 ವಿಟಮಿನ್ ಸೊಪ್ಪು ತರಕಾರಿಯಲ್ಲಿ ಇಲ್ಲ, ಹಾಲು ಮೊಸರಿನಲ್ಲಿ ಸ್ವಲ್ಪ ಇದೆ ಅಷ್ಟೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಿನ್ನುವವರಿಗೆ ಅದೂ ಇಳಿಯಬಹುದು. ಬಿ12 ಕಡಿಮೆಯಾದರೆ ಪಾದ ಜುಮ್ಮೆನ್ನಬಹುದು, ಮರೆವು ಬರಬಹುದು, ಅದನ್ನು ನಾವು ಸುಮ್ನೆ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಗಂಜಿ ಸಪ್ಪೆ, ಹಾಗಾಗಿ ಅದರ ಜೊತೆಗಿರುವುದೆಲ್ಲ ಉಪ್ಪಿನದೇ: ನೀರುಮಾವಿನಕಾಯಿ, ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ತೊಳೆ. ಬಿಸಿಲಲ್ಲಿ ಗದ್ದೆ ನೆಟ್ಟು ಬೆವರು ಸುರಿಸುತ್ತಿದ್ದ ದೇಹಕ್ಕೆ ಹೇಗೋ ನಡೆಯುತ್ತಿತ್ತು. ಫ್ಯಾನ್ ಕೆಳಗೆ ಕೂತ, ಬಿಪಿ ಇರುವ ದೇಹಕ್ಕೆ ಅದು ಜಾಸ್ತಿ.

ನನಗೆ ಹೆಚ್ಚು ಹೇಳಬೇಕಿರುವುದು ಇದನ್ನೇ. ಅಜ್ಜಿ ಮಣೆ ಮೇಲೆ ಕೂತು ಉಣ್ಣುತ್ತಿದ್ದರು, ಹೆರೆಮಣೆ ಮೇಲೆ ಕೂತು ಕಾಯಿ ಹೆರೆಯುತ್ತಿದ್ದರು, ಮೆಟ್ಟುಕತ್ತಿ ಮುಂದೆ ಕುಕ್ಕರಗಾಲಲ್ಲಿ ಕೂತು ಮೀನು ಕೊಯ್ಯುತ್ತಿದ್ದರು, ಕಲ್ಲಲ್ಲಿ ಅರೆದು ಬಾವಿಯಿಂದ ನೀರು ಸೇದುತ್ತಿದ್ದರು, ಅಂದರೆ ದಿನಕ್ಕೆ ಎಷ್ಟೋ ಸಲ ನೆಲದಿಂದ ಎದ್ದು ಕೂತು ಮಾಡುತ್ತಿದ್ದರು. ಈಗ ಮಿಕ್ಸಿ, ಪಂಪು, ಡೈನಿಂಗ್ ಟೇಬಲ್. ಬಟ್ಟಲಿನ ತುಂಬ ಅನ್ನ ಮಾತ್ರ ಅಜ್ಜಿಯದ್ದೇ ಅಳತೆ. ಒಕಿನಾವಾದ ಅಜ್ಜಿಯಂದಿರೂ ಚಾಪೆ ಮೇಲೆಯೇ ಕೂರುವವರು, ತೋಟದಲ್ಲಿ ಕೆಲಸ ಮಾಡುವವರು. ಅದನ್ನು ಬಿಟ್ಟು ಅವರ ಗೆಣಸನ್ನು ಮಾತ್ರ ಎತ್ತಿ ತೋರಿಸಿದರೆ ಹೇಗೆ?

ಬೆಳಿಗ್ಗೆ ಕದ್ರಿ ಪಾರ್ಕ್‌ನಲ್ಲಿ ನಡೆಯುವುದು ಒಳ್ಳೆಯದೇ. ಆದರೆ 65 ದಾಟಿದವರಿಗೆ ನಡಿಗೆ ಒಂದೇ ಸಾಲದು, ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ಮೂರು ದಿನ ಬೀಳದಂತೆ ಸಮತೋಲ ಉಳಿಸಿಕೊಳ್ಳುವ ಅಭ್ಯಾಸ ಬೇಕು ಅಂತಲೂ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಅಪ್ಪನ ಗಂಜಿ ನಿಲ್ಲಿಸಿಲ್ಲ. ಅರ್ಧ ಬಟ್ಟಲು ಕಡಿಮೆ ಮಾಡಿ ಎರಡು ಮೊಟ್ಟೆ ಇಟ್ಟೆವು, ಹುರುಳಿ ಕಾಳಿನ ಪಲ್ಯ ಶುರುವಾಯಿತು. ದಿನಾ ಸಂಜೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುತ್ತಾರೆ. ಮೊದಲ ವಾರ ಮೂರು ಸಲಕ್ಕೇ ಸುಸ್ತು. ಈಗ ಹನ್ನೆರಡು ಆಗುತ್ತದೆ, ನಾನು ಪಕ್ಕದಲ್ಲಿ ನಿಂತು ಎಣಿಸುತ್ತೇನೆ.