ಬಡ್ಡಿ ಎಷ್ಟು ಅನ್ನೋದು ಆಮೇಲೆ, ಕಂತು ಯಾವಾಗಿಂದ ಶುರು?

ಇಂಜಿನಿಯರಿಂಗ್ ಅರ್ಧಕ್ಕೆ ಬಂದಾಗ ಫೀಸಿಗೆ ದುಡ್ಡಿಲ್ಲ ಅಂತಾದರೆ, ಸಾಲ ಕೊಡುವವರನ್ನು ಎಲ್ಲರೂ ಮೊದಲು ಕೇಳುವುದು ಬಡ್ಡಿ ಎಷ್ಟು ಅಂತ. ನಾನಾದರೆ ಮೊದಲು ಕೇಳುವುದು, ಕಂತು ಯಾವಾಗಿಂದ ಶುರು ಅಂತ.

ನಮ್ಮ ಚಿಕ್ಕಮ್ಮನ ಮಗ ಐದನೇ ಸೆಮಿಸ್ಟರ್ ಮುಗಿಸಿದ್ದಾನೆ. ಚಿಕ್ಕಪ್ಪನ ವ್ಯಾಪಾರ ಬಿದ್ದುಹೋಗಿದೆ. ಉಳಿದ ಓದಿಗೆ 3 ಲಕ್ಷ ಬೇಕು. ಒಂದು ಖಾಸಗಿ ಫೈನಾನ್ಸ್‌ನವರು ಶೇ. 14ಕ್ಕೆ ಬೇಗ ಕೊಡ್ತೀವಿ ಅಂದಿದ್ದಾರೆ. ಸರ್ಕಾರಿ ಬ್ಯಾಂಕಿನಲ್ಲಿ ಶೇ. 9.5, ಆದರೆ ಓಡಾಟ ಜಾಸ್ತಿ. "ಏನ್ ಮಾಡೋಣ ಹೇಳಣ್ಣ" ಅಂತ ಫೋನ್ ಮಾಡಿದ.

ಲೆಕ್ಕ ಹಾಕಿದೆ. 5 ವರ್ಷದಲ್ಲಿ ತೀರಿಸುವುದಾದರೆ ಬ್ಯಾಂಕಿನ ಕಂತು ತಿಂಗಳಿಗೆ ಸುಮಾರು 6,300 ರೂಪಾಯಿ, ಫೈನಾನ್ಸ್‌ನದು ಸುಮಾರು 6,980. ಒಟ್ಟು ವ್ಯತ್ಯಾಸ 40 ಸಾವಿರ ಚಿಲ್ಲರೆ. ಕಡಿಮೆಯೇನಲ್ಲ, ಆದರೆ ಮನೆ ಮುಳುಗಿಸುವ ದುಡ್ಡೂ ಅಲ್ಲ. ಮುಳುಗಿಸುವುದು ಬೇರೆ. ಫೈನಾನ್ಸ್‌ನ ಕಂತು ಮುಂದಿನ ತಿಂಗಳೇ ಶುರು. ಹುಡುಗ ಇನ್ನೂ ಕ್ಲಾಸಿನಲ್ಲಿ ಕೂತಿರುತ್ತಾನೆ. ಕಟ್ಟಬೇಕಾದವರು ಚಿಕ್ಕಪ್ಪ. ಫೀಸಿಗೇ ದುಡ್ಡಿಲ್ಲದವರು ತಿಂಗಳಿಗೆ 7 ಸಾವಿರ ಎಲ್ಲಿಂದ ತರೋದು? ಕಂತು ತಪ್ಪಿದರೆ ಅಪ್ಪ ಮಗ ಇಬ್ಬರ ಸಿಬಿಲ್ ಸ್ಕೋರಿಗೂ (ಸಾಲ ಸರಿಯಾಗಿ ಕಟ್ಟುತ್ತಾರಾ ಅಂತ ಬ್ಯಾಂಕಿನವರು ನೋಡುವ ಅಂಕ) ಏಟು.

ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದು ಮುಗಿದ ಮೇಲೂ ಒಂದು ವರ್ಷ ಕಂತಿಲ್ಲ. ಅಲ್ಲಿಯವರೆಗೆ ಬೀಳುವುದು ಸರಳ ಬಡ್ಡಿ. ತೀರಿಸಲು 15 ವರ್ಷದವರೆಗೆ ಸಮಯ ಇದೆ. 4 ಲಕ್ಷದವರೆಗೆ ಏನೂ ಅಡವಿಡಬೇಕಾಗಿಲ್ಲ, ಹೊರಗಿನವರ ಜಾಮೀನೂ ಬೇಡ, ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಿದರೆ ಆಯಿತು. ಹುಡುಗರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಇಯರ್ ಬ್ಯಾಕ್ ಆಗಿ ಓದು ಎಳೆದರೆ 2 ವರ್ಷದವರೆಗೆ ಅವಧಿ ಮುಂದಕ್ಕೆ ಹಾಕಿಕೊಡಲು ಅದರಲ್ಲಿ ಅವಕಾಶವಿದೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಎಂಬ ಶಿಕ್ಷಣ ಸಾಲ ಯೋಜನೆಯಲ್ಲಿ, ಮನೆಯ ವಾರ್ಷಿಕ ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಉಂಟು. ಆದರೆ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ, ಅದೂ ವರ್ಷಕ್ಕೆ 1 ಲಕ್ಷ ಮಂದಿಗೆ. ಮ್ಯಾನೇಜ್‌ಮೆಂಟ್ ಸೀಟಿನವರಿಗೆ ಇಲ್ಲ. ಖಾಸಗಿಯವರ ಬಾಗಿಲಿಗೆ ಜಾಸ್ತಿ ಹೋಗಬೇಕಾಗುವುದು ಈ ಮ್ಯಾನೇಜ್‌ಮೆಂಟ್ ಸೀಟಿನವರೇ ಅಲ್ವಾ? ಸಿಇಟಿ ಸೀಟಿನವರು ದೇವರಾಜ ಅರಸು ನಿಗಮದ, ಅಲ್ಪಸಂಖ್ಯಾತರ ನಿಗಮದ 'ಅರಿವು' ಶಿಕ್ಷಣ ಸಾಲವನ್ನೂ ವಿಚಾರಿಸಿ. ಅಲ್ಲಿ ಶೇ. 2 ಅಷ್ಟೇ.

ಹಾಗಂತ ಖಾಸಗಿ ಸಾಲವೇ ಬೇಡ ಅನ್ನುವವನಲ್ಲ ನಾನು. ಬ್ಯಾಂಕು ಕೈಯೆತ್ತಿದೆ, ಉಳಿದಿರುವುದು ಒಂದೋ ಎರಡೋ ಸೆಮಿಸ್ಟರ್, ಮನೆಯಲ್ಲಿ ಒಬ್ಬರಿಗಾದರೂ ಸಂಬಳ ಬರುತ್ತಿದೆ ಅಂದರೆ ತಗೊಳ್ಳಬಹುದು. ಓದು ಮುಗಿಯುವ ತನಕ ಬರೀ ಬಡ್ಡಿ ಕಟ್ಟುವ ಹಾಗೆ ಮಾಡಿಕೊಡಿ ಅಂತ ಕೇಳಿ. "ಫ್ಲ್ಯಾಟ್ 12 ಪರ್ಸೆಂಟ್ ಸರ್" ಅಂದರೆ ಮಾತ್ರ ಎಚ್ಚರ. ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಕಟ್ಟಿಸಿಕೊಳ್ಳುವ ಲೆಕ್ಕ ಅದು. 2 ವರ್ಷದ ಸಾಲಕ್ಕೆ ನಿಜವಾದ ಬಡ್ಡಿ ಶೇ. 21 ದಾಟುತ್ತದೆ! ಎಲ್ಲ ಶುಲ್ಕ ಸೇರಿಸಿ ವರ್ಷದ ದರ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಹಿಗೆ ಮೊದಲು ಅದನ್ನು ಕೇಳಿ ಪಡೆಯಿರಿ. ಮನೆಯಲ್ಲಿ ಚಿನ್ನ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟರೆ ಇದಕ್ಕಿಂತ ಅಗ್ಗ. ಅಮ್ಮಂದಿರು ಬೇಜಾರು ಮಾಡ್ಕೋತಾರೆ, ಅದು ಬೇರೆ ಮಾತು.

ಇನ್ನೊಂದು ಖಾರದ ಮಾತು. ಆರೇಳು ಬ್ಯಾಕ್‌ಲಾಗ್ ಇಟ್ಟುಕೊಂಡು, ಓದುವ ಮನಸ್ಸೂ ಇಲ್ಲದ ಹುಡುಗನಿಗೆ ಯಾವ ಸಾಲವೂ ಬೇಡ. ಡಿಗ್ರಿ ಕೈಗೆ ಬರುವುದಿಲ್ಲ, ಸಾಲ ಮಾತ್ರ ಉಳಿಯುತ್ತದೆ. ನಮ್ಮ ಹುಡುಗನ ಮಾರ್ಕ್ಸ್ ಕಾರ್ಡ್ ತರಿಸಿ ನೋಡಿದೆ, ಒಂದೇ ಒಂದು ಉಳಿಸಿಕೊಂಡಿದ್ದಾನೆ.

ಸದ್ಯಕ್ಕೆ ಬ್ಯಾಂಕಿಗೇ ಹೋಗು ಅಂದಿದ್ದೇನೆ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅದರ ಪ್ರಿಂಟ್ ಹಿಡಿದು ಮ್ಯಾನೇಜರನ್ನೇ ನೋಡು. ಆಗಲ್ಲ ಅಂದರೆ ಕಾರಣ ಬರೆದು ಕೊಡಿ ಸರ್ ಅನ್ನು, ಬಾಯಿಮಾತಿಗೆ ವಾಪಸ್ ಬರಬೇಡ.